ಜಾಮ್ ಆದ ಇಂಜಿನ್ ಸತ್ತೇ ಹೋಯಿತೇ? ಉರ್ವದ ಶೆಡ್ಡಿನಲ್ಲಿ ಒಂದು ಯೆಜ್ಡಿ ರಿಪೇರಿ

ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಬೈಕಿನ ಕಿಕ್ಕರ್ ಮೇಲೆ ಕಾಲಿಟ್ಟು ಒತ್ತಿದರೆ ಅದು ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತಿದೆ ಎಂದುಕೊಳ್ಳಿ. ನೋಡಿದವರೆಲ್ಲ ಹೇಳುವುದು ಒಂದೇ ಮಾತು: “ಇಂಜಿನ್ ಹೋಯ್ತು, ಗುಜರಿಗೆ ಹಾಕಿ.” ಉರ್ವ ಸ್ಟೋರ್ ಹತ್ತಿರದ ನಮ್ಮ ಮನೆಯ ಶೆಡ್ಡಿನಲ್ಲಿದ್ದ ಯೆಜ್ಡಿ ರೋಡ್‌ಕಿಂಗ್‌ನ ಬಗ್ಗೆಯೂ ನಾವು ಇದನ್ನೇ ಕೇಳಿದೆವು. ಗಾಡಿ ಅಪ್ಪನದ್ದು. ಹದಿನೈದು ವರ್ಷ ದಾಟಿದ ಖಾಸಗಿ ವಾಹನದ ಆರ್‌ಸಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಗಾಡಿಯನ್ನು ಆರ್‌ಟಿಓ ಮುಂದೆ ಓಡಿಸಿ ತೋರಿಸಬೇಕು. ಓಡದ ಗಾಡಿಗೆ ನವೀಕರಣವಿಲ್ಲ. ಹಾಗಾಗಿ ನಮ್ಮ ಮುಂದೆ ಇದ್ದದ್ದು ಎರಡೇ ದಾರಿ, ಇಂಜಿನ್ ಬಿಚ್ಚುವುದು ಅಥವಾ ಗುಜರಿಯವನಿಗೆ ಫೋನು ಮಾಡುವುದು.

ಲೇತ್ ಕೆಲಸ ಬಲ್ಲ ಗೆಳೆಯನೊಬ್ಬ ಬಂದು ನೋಡಿದ. “ಗುಜರಿಗೆ ಕೊಡುದು ಯಾವಾಗಲೂ ಉಂಟು ಮಾರಾಯ. ಮೊದಲು ಬಿಚ್ಚಿ ನೋಡುವ” ಎಂದ.

ರೋಡ್‌ಕಿಂಗ್ ನಮ್ಮದೇ ರಾಜ್ಯದ ಗಾಡಿ. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ 1960ರಲ್ಲಿ ಮೈಸೂರಿನಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜೆಕ್ ಮೂಲದ ಜಾವಾ ಬೈಕುಗಳನ್ನು ತಯಾರಿಸಿತು. ನಂತರ ಅದೇ ಯಾದವಗಿರಿಯ ಕಾರ್ಖಾನೆಯಿಂದ ಯೆಜ್ಡಿ ಹೆಸರಿನ ಗಾಡಿಗಳು ಹೊರಬಂದವು. ರೋಡ್‌ಕಿಂಗ್ ಬಂದದ್ದು 1978ರಲ್ಲಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಆ ಕಾಲದ ಹುಡುಗರಿಗೆ ಸ್ಪೋರ್ಟ್ಸ್ ಕಾರು ಎಂದರೂ ಇದೇ, ಬೈಕ್ ಎಂದರೂ ಇದೇ.

ಜಾಮ್ ಆಗುವುದು ಏಕೆ?

ಓಡುವಾಗ ಜಾಮ್ ಆಗುವುದು ಬೇರೆ, ನಿಂತಲ್ಲೇ ಜಾಮ್ ಆಗುವುದು ಬೇರೆ. ಈ ವ್ಯತ್ಯಾಸ ತಿಳಿಯದೆಯೇ ಎಷ್ಟೋ ಒಳ್ಳೆಯ ಇಂಜಿನ್‌ಗಳು ತೂಕದ ಲೆಕ್ಕದಲ್ಲಿ ಮಾರಾಟವಾಗಿವೆ.

ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ. ಉರ್ವದಿಂದ ಸಮುದ್ರವೂ ದೂರವಿಲ್ಲ. ಸೈಲೆನ್ಸರ್ ಮತ್ತು ಕಾರ್ಬುರೇಟರ್ ಮೂಲಕ ತೇವದ ಗಾಳಿ ಸಿಲಿಂಡರಿನೊಳಗೆ ಸೇರುತ್ತದೆ. ರಾತ್ರಿ ಲೋಹ ತಣ್ಣಗಾದಾಗ ಅದರ ಮೇಲೆ ಸಣ್ಣ ಹನಿಗಳು ಕೂರುತ್ತವೆ. ಈ ಇಂಜಿನ್ನಿನ ಸಿಲಿಂಡರ್ ಬೀಡು ಕಬ್ಬಿಣದ್ದು, ಪಿಸ್ಟನ್ ಅಲ್ಯೂಮಿನಿಯಂ, ರಿಂಗ್ ಮತ್ತೆ ಕಬ್ಬಿಣ. ರಿಂಗ್ ತಾಗಿ ನಿಂತ ಜಾಗದಲ್ಲಿ ತುಕ್ಕು ಹಿಡಿಯುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ವಸ್ತು. ಹಾಗಾಗಿ ಅದು ಸಂದಿಯಲ್ಲಿ ಸಿಕ್ಕಿಸಿದ ಬೆಣೆಯಂತೆ ಎರಡನ್ನೂ ಹಿಡಿದುಬಿಡುತ್ತದೆ. ಇಷ್ಟರಿಂದ ಇಂಜಿನ್ ಸಾಯುವುದಿಲ್ಲ.

ಇಂಥ ಇಂಜಿನ್ನನ್ನು ಕೊಲ್ಲುವುದು ಸಾಮಾನ್ಯವಾಗಿ ಅದನ್ನು ಬಿಡಿಸಲು ಹೋದವರು. ಕಿಕ್ಕರ್ ಮೇಲೆ ಹತ್ತಿ ಕುಣಿಯುವುದು, ಗೇರಿಗೆ ಹಾಕಿ ನಾಲ್ಕು ಜನ ದೂಡುವುದು, ಪಿಸ್ಟನ್ ತಲೆಗೆ ಸುತ್ತಿಗೆ ಹೊಡೆಯುವುದು. ಈ ಇಂಜಿನ್ನಿನ ಕ್ರ್ಯಾಂಕ್ ಒಂದೇ ತುಂಡಿನದ್ದಲ್ಲ, ಭಾಗಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಜೋಡಿಸಿದ್ದು. ಏಟು ಬಿದ್ದರೆ ಅದು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ, ಆಮೇಲೆ ಬೇರಿಂಗ್ ಉಳಿಯುವುದಿಲ್ಲ. ಗೆಳೆಯ ಮಾಡಿದ್ದು ಸೋಮಾರಿ ಕೆಲಸ. ಪ್ಲಗ್ ತೂತಿನಿಂದ ಡೀಸೆಲ್ ಮತ್ತು ತೆಳು ಎಣ್ಣೆಯ ಮಿಶ್ರಣ ಸುರಿದು “ಇನ್ನು ಒಂದು ವಾರ ಮುಟ್ಟುದು ಬೇಡ” ಎಂದು ಹೇಳಿ ಹೋದ. ದಿನಕ್ಕೊಮ್ಮೆ ನಾವು ಅದನ್ನು ತುಂಬಿಸುತ್ತಿದ್ದೆವು. ಒಂಬತ್ತನೆಯ ದಿನ ಹೆಡ್ ಬಿಚ್ಚಿ, ಸಿಲಿಂಡರನ್ನು ಹೊರಗಿನಿಂದ ಹದವಾಗಿ ಬಿಸಿ ಮಾಡಿ, ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದಾಗ ಪಿಸ್ಟನ್ ಅಲುಗಿತು. (ಬಿಸಿ ಮಾಡುವ ಮುನ್ನ ಒಳಗಿನ ಡೀಸೆಲ್ ಪೂರ್ತಿ ಒರೆಸಿ ತೆಗೆಯಬೇಕು. ಇದನ್ನು ಮರೆತವರು ಹುಬ್ಬು ಸುಟ್ಟುಕೊಂಡಿದ್ದಾರೆ.)

ಕಣ್ಣಳತೆ ಮತ್ತು ಉಂಗುರದ ಅಳತೆ

ಸಿಲಿಂಡರಿನೊಳಗೆ ಬೆರಳಾಡಿಸಿ “ಬೋರ್ ಚೆನ್ನಾಗಿದೆ” ಎಂದು ಹೇಳುವ ಮೆಕ್ಯಾನಿಕ್‌ಗಳು ಬಹಳ. ನಾವೂ ಬೆರಳಾಡಿಸಿ ಹಾಗೇ ಅಂದೆವು. ಆದರೆ ಇಲ್ಲಿ ಲೆಕ್ಕಕ್ಕೆ ಬರುವ ಸವೆತ ತಲೆಕೂದಲಿನ ದಪ್ಪದ್ದು, ಅಂದರೆ ಒಂದು ಮಿ.ಮೀ.ನ ಹತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ನುಣುಪಾಗಿ ಸವೆದ ಗೋಡೆಯ ಮೇಲೆ ಬೆರಳಿಗೆ ಅದು ತಿಳಿಯುವುದಿಲ್ಲ.

ದುಬಾರಿ ಗೇಜ್ ಇಲ್ಲದೆಯೂ ಇದನ್ನು ಅಳೆಯುವ ಉಪಾಯವೊಂದಿದೆ. ಪಿಸ್ಟನ್ ರಿಂಗ್ ಪೂರ್ತಿ ಉಂಗುರವಲ್ಲ, ಅದಕ್ಕೊಂದು ಸೀಳು ಇರುತ್ತದೆ. ರಿಂಗನ್ನು ಸಿಲಿಂಡರಿನ ಕೆಳತುದಿಯಲ್ಲಿ, ಎಂದೂ ರಿಂಗ್ ಓಡಾಡದ ಭಾಗದಲ್ಲಿ, ನೇರವಾಗಿ ಕೂರಿಸಿ ಸೀಳಿನ ಅಗಲವನ್ನು ಫೀಲರ್ ಗೇಜಿನಿಂದ ಅಳೆಯಿರಿ. ಬಳಿಕ ಅದೇ ರಿಂಗನ್ನು ಮೇಲ್ಭಾಗದಲ್ಲಿ, ಸವೆತ ಹೆಚ್ಚಿರುವ ಕಡೆ ಇಟ್ಟು ಅಳೆಯಿರಿ. ವೃತ್ತದ ವ್ಯಾಸ ಎಷ್ಟು ಹೆಚ್ಚುತ್ತದೋ ಸುತ್ತಳತೆ ಅದರ 3.14 ಪಟ್ಟು ಹೆಚ್ಚುತ್ತದೆ. ಶಾಲೆಯ ಪೈ ಲೆಕ್ಕವೇ. ನಮ್ಮಲ್ಲಿ ಕೆಳಗೆ 0.30, ಮೇಲೆ 0.75 ಮಿ.ಮೀ. ಬಂತು. ವ್ಯತ್ಯಾಸ 0.45, ಅದನ್ನು 3.14ರಿಂದ ಭಾಗಿಸಿದರೆ ಸುಮಾರು 0.14 ಮಿ.ಮೀ. ಸವೆತ. ಗೆಳೆಯ ನಮ್ಮ ಅಳತೆಯನ್ನು ನೋಡದೆ ತಾನೇ ಇನ್ನೊಮ್ಮೆ ಅಳೆದ. ಎರಡೂ ಹೊಂದಿದ ಮೇಲೆಯೇ ರೀಬೋರ್ ಎಂದು ತೀರ್ಮಾನವಾಯಿತು. ಇಬ್ಬರಿದ್ದರೆ ಇದೊಂದು ಲಾಭ.

ಈ ಇಂಜಿನ್ನಿನ ಮೂಲ ಬೋರ್ 65 ಮಿ.ಮೀ. ತುಕ್ಕಿನ ಗುಳಿಗಳನ್ನೂ ತೆಗೆಯಬೇಕಿದ್ದರಿಂದ ಅರ್ಧ ಮಿ.ಮೀ. ಓವರ್‌ಸೈಜ್ ಪಿಸ್ಟನ್ ತಂದೆವು. ಬೋರಿಂಗ್ ಅಂಗಡಿಗೆ ಬರೇ ಸಂಖ್ಯೆ ಬರೆದುಕೊಟ್ಟರೆ ಸಾಲದು, ಪಿಸ್ಟನ್ನನ್ನೇ ಕೊಡಬೇಕು. ಕಾರಣವಿಷ್ಟೆ: ಅಲ್ಯೂಮಿನಿಯಂ ಬಿಸಿಗೆ ಹಿಗ್ಗುವುದು ಕಬ್ಬಿಣದ ಸುಮಾರು ಎರಡರಷ್ಟು. 65 ಮಿ.ಮೀ. ಅಗಲದ ಪಿಸ್ಟನ್ 100 ಡಿಗ್ರಿ ಹೆಚ್ಚು ಬಿಸಿಯಾದರೆ 0.15 ಮಿ.ಮೀ. ಹಿಗ್ಗುತ್ತದೆ, ಸಿಲಿಂಡರ್ 0.07 ಮಾತ್ರ. ಪಿಸ್ಟನ್ ಸಿಲಿಂಡರಿಗಿಂತ ಹೆಚ್ಚು ಬಿಸಿಯಾಗುವುದೂ ಉಂಟು. ಆ ಹಿಗ್ಗುವಿಕೆಗೆ ಬಿಟ್ಟ ಜಾಗವೇ ಇಂಜಿನ್ನಿನ ಆಯುಷ್ಯ.

ಚೆನ್ನಾಗಿ ಓಡುತ್ತಿದ್ದ ಇಂಜಿನ್ ಮತ್ತೆ ಹಿಡಿದದ್ದು

ಬಿಚ್ಚುವಾಗಲೇ ಗೆಳೆಯ ಹೇಳಿದ್ದ: “ಕ್ರ್ಯಾಂಕಿನ ಎರಡೂ ಆಯಿಲ್ ಸೀಲ್ ಬದಲಿಸು.” ಸೀಲ್‌ಗಳು ನೋಡಲು ಚೆನ್ನಾಗಿದ್ದವು. ಮಳೆಗಾಲ ಹತ್ತಿರ ಬಂದಿತ್ತು, ಆರ್‌ಟಿಓ ದಿನವೂ ಹತ್ತಿರ ಬಂದಿತ್ತು. ನಾವು ಹಾಗೇ ಜೋಡಿಸಿದೆವು.

ಮೂರನೆಯ ಒದೆತಕ್ಕೆ ಸ್ಟಾರ್ಟ್ ಆಯಿತು. ಅಪ್ಪ ಜಗಲಿಗೆ ಬಂದು ನಿಂತರು. ಗಾಡಿ ಹಗುರಾಗಿ, ಬಹಳ ಚುರುಕಾಗಿ ಓಡುತ್ತಿತ್ತು. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ವೇಗ ಕೂಡಲೇ ಇಳಿಯುತ್ತಿರಲಿಲ್ಲ. ಅದನ್ನು ಕಾರ್ಬುರೇಟರ್ ಸೆಟ್ಟಿಂಗ್ ಎಂದುಕೊಂಡು, ಇರಲಿ ಎಂದು ಲೀಟರಿಗೆ 40 ಎಂಎಲ್ ಬದಲು 80 ಎಂಎಲ್ ಆಯಿಲ್ ಹಾಕಿದೆವು. ಕೊಟ್ಟಾರ ದಾಟಿ ಕೂಳೂರು ಸೇತುವೆಯ ಕಡೆ ಹೋಗುವಾಗ ಇಂಜಿನ್ ಸದ್ದು ಒಮ್ಮೆಲೇ ಬಿಗಿಯಾಯಿತು, ಹಿಂದಿನ ಚಕ್ರ ಕಚ್ಚಿಕೊಂಡಿತು. ಕ್ಲಚ್ ಹಿಡಿದದ್ದರಿಂದ ಬೀಳಲಿಲ್ಲ. ಹಿಂದೆ ಲಾರಿ ಬರುತ್ತಿರಲಿಲ್ಲ ಎನ್ನುವುದೂ ಒಂದು ಕಾರಣ.

ಏನಾಯಿತು? ಟು ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್ ಇರುವ ಕೋಣೆ ಒಂದು ಪಂಪು. ಪಿಸ್ಟನ್ ಮೇಲೇರುವಾಗ ಕಾರ್ಬುರೇಟರಿನಿಂದ ಗಾಳಿ, ಪೆಟ್ರೋಲ್, ಆಯಿಲ್ ಮೂರೂ ಈ ಕೋಣೆಗೆ ಬರುತ್ತವೆ. ಇಳಿಯುವಾಗ ಅವು ಒತ್ತಲ್ಪಟ್ಟು ಮೇಲಕ್ಕೆ ಹೋಗುತ್ತವೆ. ಕ್ರ್ಯಾಂಕಿನ ಎರಡು ತುದಿಗಳಲ್ಲಿರುವ ರಬ್ಬರ್ ಸೀಲ್‌ಗಳೇ ಈ ಪಂಪಿನ ಬಾಗಿಲು. ಯೆಜ್ಡಿಯಲ್ಲಿ ಎಡಗಡೆ ಕ್ಲಚ್ ಮತ್ತು ಎಣ್ಣೆ ಇರುತ್ತದೆ, ಬಲಗಡೆ ಡೈನಮೋ ಇರುವ ಒಣ ಜಾಗ. ಎಡ ಸೀಲ್ ಹೋದರೆ ಗೇರ್ ಆಯಿಲ್ ಒಳಗೆಳೆದುಕೊಂಡು ದಟ್ಟ ಬಿಳಿ ಹೊಗೆ ಬರುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ಬಲ ಸೀಲ್ ಹೋದರೆ ಬರೇ ಗಾಳಿ ಬರುತ್ತದೆ. ಹೊಗೆ ಇಲ್ಲ, ಸದ್ದು ಇಲ್ಲ. ಪೆಟ್ರೋಲಿಗಿಂತ ಗಾಳಿ ಹೆಚ್ಚಾದ ಮಿಶ್ರಣ ಹೆಚ್ಚು ಬಿಸಿಯಾಗಿ ಉರಿಯುತ್ತದೆ. ಇಂಜಿನ್ ಚುರುಕಾಗಿದೆ ಎಂದು ನಾವು ಖುಷಿಪಟ್ಟದ್ದು ಅದರ ಜ್ವರವನ್ನು ನೋಡಿ.

“ಆಯಿಲ್ ಜಾಸ್ತಿ ಹಾಕಿದರೆ ಇಂಜಿನ್‌ಗೆ ಒಳ್ಳೆಯದು” ಎಂಬ ನಂಬಿಕೆಯೂ ಇಲ್ಲಿ ಕೈಕೊಟ್ಟಿತು. ಕಾರ್ಬುರೇಟರಿನ ಜೆಟ್ ಎಂಬ ಸಣ್ಣ ತೂತಿನಲ್ಲಿ ಹಾದುಹೋಗುವ ದ್ರವಕ್ಕೆ ಮಿತಿಯಿದೆ. ಲೀಟರ್ ಪೆಟ್ರೋಲಿಗೆ 40 ಎಂಎಲ್ ಹಾಕಿದರೆ ಆ ದ್ರವದಲ್ಲಿ ಸುಮಾರು 96 ಪಾಲು ಪೆಟ್ರೋಲ್, 80 ಎಂಎಲ್ ಹಾಕಿದರೆ 93 ಪಾಲು ಮಾತ್ರ. ಮಿಶ್ರಣ ದಪ್ಪವಾದ್ದರಿಂದ ಹರಿವೂ ನಿಧಾನ. ಅಂದರೆ ಆಯಿಲ್ ಹೆಚ್ಚಿಸಿದಾಗ ಪೆಟ್ರೋಲ್ ಕಡಿಮೆಯಾಗಿ, ಗಾಳಿಯ ಪಾಲು ಇನ್ನಷ್ಟು ಹೆಚ್ಚಾಯಿತು. ಕಾಯಿಲೆಗೆ ಕೊಟ್ಟ ಮದ್ದು ಕಾಯಿಲೆಯನ್ನೇ ಬೆಳೆಸಿತು.

ಗೆಳೆಯ ಬೈಯಲಿಲ್ಲ. “ಸೀಲ್ ಹಾಕಿದ್ದಾ?” ಎಂದು ಮಾತ್ರ ಕೇಳಿದ. ಬಳಿಕ ಕಾರ್ಬುರೇಟರ್ ಮತ್ತು ಎರಡೂ ಸೈಲೆನ್ಸರ್ ಜಾಗಗಳನ್ನು ಟ್ಯೂಬಿನ ರಬ್ಬರಿನಿಂದ ಮುಚ್ಚಿ, ಹಳೆಯ ಪ್ಲಗ್ ಒಂದರ ಒಡಲಿಗೆ ಟಯರ್ ವಾಲ್ವ್ ಕೂರಿಸಿ, ಪಿಸ್ಟನ್ ಕೆಳಗಿಟ್ಟು ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಹಾಕಿದ. ನಾಲ್ಕೈದು ಪಿಎಸ್‌ಐ ಸಾಕು, ಹೆಚ್ಚಾದರೆ ಒಳ್ಳೆಯ ಸೀಲೂ ಹಾರುತ್ತದೆ. ಡೈನಮೋ ತೆಗೆದ ಜಾಗಕ್ಕೆ ಸಾಬೂನು ನೀರು ಸವರಿದಾಗ ಗುಳ್ಳೆಗಳು ಸಾಲಾಗಿ ಎದ್ದವು. ವರ್ಷಗಟ್ಟಲೆ ಒಂದೇ ಕಡೆ ಒತ್ತಿ ಕೂತ ರಬ್ಬರಿನ ತುಟಿ ಗಟ್ಟಿಯಾಗಿತ್ತು. ಕಣ್ಣಿಗೆ ಕಾಣದ್ದು ಗುಳ್ಳೆಗೆ ಕಂಡಿತು. ಇದೇ ಪರೀಕ್ಷೆಯನ್ನು ಜೋಡಿಸಿದ ದಿನವೇ ಮಾಡಿದ್ದರೆ ಅರ್ಧ ಗಂಟೆಯ ಕೆಲಸವಿತ್ತು.

ಸಿಲಿಂಡರ್ ಗೋಡೆಗೆ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಅಂಟಿತ್ತು. ಮತ್ತೆ ರೀಬೋರ್ ಬೇಕೆಂದು ನಾವು ತಲೆಗೆ ಕೈಹೊತ್ತಿದ್ದೆವು. ಬೇಕಾಗಲಿಲ್ಲ. ಕಾಸ್ಟಿಕ್ ಸೋಡಾದ ನೀರು ಅಲ್ಯೂಮಿನಿಯಂ ಅನ್ನು ಕರಗಿಸುತ್ತದೆ, ಬೀಡು ಕಬ್ಬಿಣವನ್ನು ಮುಟ್ಟುವುದಿಲ್ಲ. ಬಟ್ಟೆಯಲ್ಲಿ ಅದ್ದಿ ಸವರಿದಂತೆ ನೊರೆ ಬಂದು ಬೂದು ಗೆರೆಗಳು ಮಾಯವಾದವು. ಆ ನೊರೆ ಹೈಡ್ರೋಜನ್ ಅನಿಲ, ಬೆಂಕಿ ಹಿಡಿಯುವಂಥದ್ದು. ಸೋಡಾ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಹೀಗಾಗಿ ಇದು ಅಂಗಳದಲ್ಲಿ, ಕೈಗವಸು ಮತ್ತು ಕನ್ನಡಕ ಹಾಕಿ ಮಾಡುವ ಕೆಲಸ. ಹೋನಿಂಗ್ ಮಾಡಿಸಿ, ಬೋರಿನ ಅಳತೆ ಇನ್ನೂ ಮಿತಿಯಲ್ಲೇ ಇದೆಯೆಂದು ನೋಡಿಕೊಂಡು, ಅದೇ ಗಾತ್ರದ ಹೊಸ ಪಿಸ್ಟನ್ ಮತ್ತು ಹೊಸ ಸೀಲ್‌ಗಳನ್ನು ಹಾಕಿದೆವು.

ಕೈ ತೊಳೆಯುವ ವಿಷಯವನ್ನೂ ಇಲ್ಲೇ ಹೇಳಬೇಕು. ಗ್ರೀಸ್ ಹೋಗಲೆಂದು ಪೆಟ್ರೋಲಿನಲ್ಲಿ ಕೈ ತೊಳೆಯುವುದು ಎಲ್ಲ ಗ್ಯಾರೇಜುಗಳ ರೂಢಿ. ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರ್‌ಕಾರಕ, ಅದು ಉಸಿರಿನಿಂದಲೂ ಚರ್ಮದಿಂದಲೂ ಒಳಸೇರುತ್ತದೆ. ತೆಂಗಿನೆಣ್ಣೆ ತಿಕ್ಕಿ, ಸಾಬೂನು ಹಾಕಿದರೆ ಗ್ರೀಸ್ ಅಷ್ಟೇ ಚೆನ್ನಾಗಿ ಹೋಗುತ್ತದೆ.

ಓಡಿಸುವಾಗ

ಹೊಸ ಬೋರ್ ಹಾಕಿದ ಗಾಡಿಯನ್ನು ಗಂಟೆಗಟ್ಟಲೆ ನಿಲ್ಲಿಸಿಯೇ ಓಡಿಸಬೇಕು ಎನ್ನುವುದು ಇನ್ನೊಂದು ನಂಬಿಕೆ. ನಿಂತ ಗಾಡಿಗೆ ಗಾಳಿ ತಾಗುವುದಿಲ್ಲ, ಬರೇ ಬಿಸಿಯಾಗುತ್ತದೆ. ರಿಂಗ್ ಗೋಡೆಗೆ ಸರಿಯಾಗಿ ಹೊಂದಿಕೊಳ್ಳಲು ಸ್ವಲ್ಪ ಭಾರ ಬೇಕು. ಸ್ವಲ್ಪ ದೂರ ಹದವಾಗಿ ಓಡಿಸಿ, ವೇಗ ಏರಿಸಿ ಇಳಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಓಡಿಸುವುದು ಸರಿಯಾದ ಕ್ರಮ.

ಘಾಟಿ ಇಳಿಯುವಾಗ ಎಚ್ಚರ ಹೆಚ್ಚು ಬೇಕು. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆದರೆ ಪೆಟ್ರೋಲ್ ಬರುವುದಿಲ್ಲ. ಪೆಟ್ರೋಲಿನ ಜೊತೆಗೇ ಆಯಿಲ್ ಬರಬೇಕಾದ ಇಂಜಿನ್ನಿಗೆ ಆಯಿಲೂ ಇಲ್ಲ. ಆಗಾಗ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ಇಳಿಯಬೇಕು.

ಈಗಿನ ಇ20 ಪೆಟ್ರೋಲಿನ ಲೆಕ್ಕವೂ ಇದೇ ಸಾಲಿನದ್ದು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಕಿಲೋ ಸಾಕು. ಶೇ. 20 ಎಥನಾಲ್ ಇದ್ದರೆ ಅಷ್ಟೇ ಗಾಳಿಗೆ ಸುಮಾರು ಶೇ. 8ರಷ್ಟು ಹೆಚ್ಚು ಇಂಧನ ಹೋಗಬೇಕು. ಹಳೆಯ ಕಾರ್ಬುರೇಟರಿಗೆ ಇದು ತಾನಾಗಿ ಗೊತ್ತಾಗುವುದಿಲ್ಲ. ನಾವು ಮುಖ್ಯ ಜೆಟ್ಟನ್ನು ಒಂದು ಗಾತ್ರ ದೊಡ್ಡದು ಹಾಕಿದೆವು. ಎಥನಾಲ್ ತೇವವನ್ನು ಎಳೆದುಕೊಳ್ಳುವುದರಿಂದ ಮಳೆಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿಡುತ್ತೇವೆ.

ಆರ್‌ಟಿಓ ತಪಾಸಣೆ ಒಂದು ತಿಂಗಳು ತಡವಾಗಿ, ದಂಡ ಕಟ್ಟಿ ಮುಗಿಯಿತು. ಮೊನ್ನೆ ಪ್ಲಗ್ ಬಿಚ್ಚಿ ನೋಡಿದಾಗ ತುದಿ ಬೆಲ್ಲದ ಬಣ್ಣಕ್ಕಿತ್ತು. ಬಿಳಿಯಾಗಿದ್ದರೆ ಗಾಳಿ ಹೆಚ್ಚು, ಒದ್ದೆ ಕಪ್ಪಾಗಿದ್ದರೆ ಆಯಿಲ್ ಅಥವಾ ಪೆಟ್ರೋಲ್ ಹೆಚ್ಚು. ಆಯಿಲ್ ಈಗ ಲೀಟರಿಗೆ 40 ಎಂಎಲ್, ಅಳತೆಯ ಮುಚ್ಚಳ ಸೀಟಿನ ಕೆಳಗೇ ಇದೆ.