ವಿಕಲಚೇತನ ಮಕ್ಕಳೂ ಗೃಹಸ್ಥಧರ್ಮವೂ

ಗೃಹಸ್ಥಧರ್ಮದ ಹೊಣೆಗಳಲ್ಲಿ ಸಂತಾನಪಾಲನೆ ಹಿರಿದಾದುದು. ಮಗುವಿಗೆ ಕಣ್ಣು, ಕಿವಿ, ಕೈಕಾಲು ಅಥವಾ ಬುದ್ಧಿಯ ಬೆಳವಣಿಗೆಯಲ್ಲಿ ಕೊರತೆಯಿದ್ದಾಗ ಆ ಹೊಣೆ ಇಮ್ಮಡಿಯಾಗುತ್ತದೆ. ಅಂಥ ಮನೆಯ ಮೇಲೆ ಮೊದಲು ಎರಗುವುದು ಜನರ ಮಾತು. ಹಿಂದಿನ ಜನ್ಮದ ಪಾಪವೆಂದು ಕೆಲವರು, ಬಸುರಿಯಲ್ಲಿ ತಾಯಿ ಗ್ರಹಣ ಕಂಡ ಫಲವೆಂದು ಕೆಲವರು ನುಡಿಯುತ್ತಾರೆ. ಈ ಮಾತಿಗೆ ಅಂಜಿದ ತಾಯಿತಂದೆಗಳು ಮಗುವನ್ನು ಜಾತ್ರೆಗೂ ಮದುವೆಗೂ ಒಯ್ಯದೆ ಒಳಮನೆಯಲ್ಲಿಯೇ ಬೆಳೆಸುತ್ತಾರೆ. ಅಂಗದ ಕೊರತೆಗಿಂತ ಈ ಮರೆಯೇ ಮಗುವಿಗೆ ಹೆಚ್ಚಿನ ಕೇಡನ್ನುಂಟುಮಾಡುತ್ತದೆ.

ಈ ಮರೆಯನ್ನು ಸರಿಸಿದರೆ ಏನಾದೀತೆಂಬುದಕ್ಕೆ ಕನ್ನಡನಾಡಿನಲ್ಲಿಯೇ ನಿದರ್ಶನವಿದೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಗುರುಪಾದಯ್ಯ, ನೀಲಮ್ಮ ದಂಪತಿಗಳ ಮಕ್ಕಳಾದ ಗುರುಬಸಯ್ಯ, ಗದಿಗೆಯ್ಯ ಇಬ್ಬರೂ ಹುಟ್ಟಿನಿಂದಲೇ ಅಂಧರು. ಅವರ ಕಂಠದ ಇಂಪನ್ನು ಗುರುತಿಸಿ ಸಂಗೀತವಿದ್ಯೆಗೆ ಹಚ್ಚಿದವರು, 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು. 1892ರಲ್ಲಿ ಜನಿಸಿದ ಗದಿಗೆಯ್ಯನವರೇ ಮುಂದೆ ಪಂಚಾಕ್ಷರಿ ಗವಾಯಿಗಳಾಗಿ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಅನ್ನ, ವಿದ್ಯೆ ಎರಡನ್ನೂ ನೀಡಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಆಶ್ರಮದ ಭಾರವನ್ನು ಹೊತ್ತ ಪುಟ್ಟರಾಜ ಗವಾಯಿಗಳೂ ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡು ಸೋದರಮಾವನ ಆಸರೆಯಲ್ಲಿ ಬೆಳೆದವರು. 2010ರಲ್ಲಿ ಪದ್ಮಭೂಷಣ ಗೌರವಕ್ಕೆ ಪಾತ್ರರಾಗಿ ಅದೇ ವರ್ಷ ಅವರು ಲಿಂಗೈಕ್ಯರಾದರು. ಮನೆ, ಮಠ, ಗುರು ಈ ಮೂವರೂ ಕೈಗೂಡಿಸಿದುದರ ಫಲವಿದು.

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಈ ಕೈಗೂಡಿಕೆ ಇನ್ನೂ ಅಗತ್ಯ. ಕೃಷ್ಣೆ, ಭೀಮೆಯರು ಹರಿಯುವ ನಾಡಾದರೂ ಮಳೆಯನ್ನೇ ನಂಬಿದ ಬಡವರು ಸುಗ್ಗಿ ಮುಗಿದೊಡನೆ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುತ್ತಾರೆ. ನಡೆಯಲಾರದ ಮಗುವನ್ನು ಕೂಲಿಯ ಜಾಗಕ್ಕೆ ಒಯ್ಯುವುದೂ ಕಷ್ಟ, ಊರಲ್ಲಿ ಬಿಡುವುದೂ ಕಷ್ಟ. ಕಡೆಗೆ ಅದು ಮುದಿ ಅಜ್ಜಿಯ ಪಾಲಿಗೆ ಉಳಿಯುತ್ತದೆ. ಬೆಳೆದ ಮಗುವನ್ನು ಎತ್ತಿ ಇಳಿಸುವ ಶಕ್ತಿ ಆಕೆಯ ತೋಳಿಗೆ ಎಲ್ಲಿಯದು? 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾದ ಮೇಲೆ ಜಿಲ್ಲಾಕೇಂದ್ರವೇನೋ ಹತ್ತಿರವಾಯಿತು. ಆದರೂ ಆಸ್ಪತ್ರೆಗೆ ಒಮ್ಮೆ ಹೋಗಿಬಂದರೆ ಒಂದು ದಿನದ ಕೂಲಿ ಕೈಬಿಟ್ಟಂತೆಯೇ.

ಕೊರತೆಯನ್ನು ಹೊತ್ತು ಮೀರದಂತೆ ಗುರುತಿಸುವುದು ಹೆತ್ತವರ ಮೊದಲ ಕರ್ತವ್ಯ. ದೊಡ್ಡ ಸದ್ದಿಗೂ ಬೆಚ್ಚದ ಕೂಸನ್ನು, ವರ್ಷ ತುಂಬುತ್ತ ಬಂದರೂ ಕೂಡಲಾರದ ಕೂಸನ್ನು ವೈದ್ಯರಿಗೆ ತೋರಿಸಬೇಕು. ‘ಇವರಪ್ಪನೂ ತಡವಾಗಿಯೇ ಮಾತಾಡಿದ’ ಎಂಬ ಸಮಾಧಾನದಲ್ಲಿ ವರ್ಷಗಳು ಕಳೆದರೆ ಕಿವುಡಿನೊಡನೆ ಮೂಕತನವೂ ಸೇರಿಕೊಳ್ಳುತ್ತದೆ. ಮಗು ಮಾತನ್ನು ಕಲಿಯುವುದು ಕೇಳಿಯೇ. ಆದುದರಿಂದ ಶ್ರವಣಯಂತ್ರವೂ ತರಬೇತಿಯೂ ಎಷ್ಟು ಬೇಗ ದೊರೆತರೆ ಅಷ್ಟು ಒಳಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕಾರ್ಯದಲ್ಲಿ ತೊಡಗಿದೆ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. ‘ನಾವು ಕಣ್ಣು ಮುಚ್ಚಿದ ಮೇಲೆ ಇದಕ್ಕೆ ಯಾರು ದಿಕ್ಕು?’ ಎಂಬುದು ಬುದ್ಧಿಮಾಂದ್ಯ ಮಗುವಿನ ತಾಯಿಯ ರಾತ್ರಿಯ ಚಿಂತೆ. ಅಂಥವರು ಪ್ರಾಯಕ್ಕೆ ಬಂದ ಮೇಲೆ, 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿ ಅವರಿಗೆ ಪಾಲಕರನ್ನು ನೇಮಿಸಬಲ್ಲದು. ಇದನ್ನು ಹೆತ್ತವರು ತಮ್ಮ ಕೈಕಾಲು ಗಟ್ಟಿಯಿರುವಾಗಲೇ ಅರಿತಿರುವುದು ಲೇಸು.

ಕಾಯಿದೆ ಬಾಗಿಲನ್ನು ತೋರಿಸೀತು. ಹೊಸ್ತಿಲು ದಾಟಿಸಬೇಕಾದವರು ಮನುಷ್ಯರು. ಕಿವಿ ಮಂದವಾದ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮುಖ ಕಾಣುವಂತೆ ನಿಂತು ಪಾಠ ಹೇಳಲು ಗುರುಗಳಿಗೆ ಹಣ ಬೇಕಿಲ್ಲ. ಶಾಲೆಯ ಮೆಟ್ಟಿಲ ಬದಿಗೆ ಗಾಲಿಕುರ್ಚಿ ಏರುವಂಥ ಇಳಿಜಾರು ಕಟ್ಟಿಸುವುದು ದಾನಿಗಳಿಗೆ ಭಾರವಾಗದು. ಗುಳೆಯ ತಿಂಗಳುಗಳಲ್ಲಿ ಇಂಥ ಮಗುವಿಗೆ ಪ್ರಸಾದನಿಲಯದಲ್ಲಿ ಒಂದು ಹಾಸಿಗೆ, ನೋಡಿಕೊಳ್ಳಲು ಒಬ್ಬ ಸಹಾಯಕಿ ದೊರೆತರೆ ಅಜ್ಜಿಯ ತೋಳಿಗೆ ವಿಶ್ರಾಂತಿ, ತಾಯಿಯ ಮನಸ್ಸಿಗೆ ನೆಮ್ಮದಿ. ಹಳೆಯ ವಿದ್ಯಾರ್ಥಿಗಳು ತಮ್ಮ ಓಣಿಯಲ್ಲಿ ಮರೆಯಲ್ಲಿರುವ ಒಂದೊಂದು ಮಗುವನ್ನು ಕೈಹಿಡಿದು ಶಾಲೆಗೆ ಕರೆತಂದರೆ, ದಾಸೋಹದ ಪಂಕ್ತಿಯಲ್ಲಿ ಇಷ್ಟು ದಿನ ಬರಿದಾಗಿದ್ದ ಎಡೆ ತುಂಬೀತು.