ಗಲಿಲೇಯದ ಗುಲಾಬಿ ಹೂವನ್ನು ಗುರುತಿಸುವ ಬಗೆ

ಪವಿತ್ರ ನಾಡಿನ ಯಾತ್ರೆ ಮುಗಿಸಿ ಬಂದವರ ಮನೆಗಳಲ್ಲಿ ಭಾವಚಿತ್ರಗಳನ್ನು ನೋಡುವಾಗ, ಗಲಿಲೇಯದ ಓಲಿವ್ ಮರಗಳ ಬುಡದಲ್ಲಿ ಕಂಬಳಿ ಹಾಸಿದಂತೆ ಅರಳಿ ನಿಂತ ಗುಲಾಬಿ ಬಣ್ಣದ ಪುಟ್ಟ ಹೂಗಳು ನಮ್ಮ ಕಣ್ಸೆಳೆಯುತ್ತವೆ. ಪ್ರಭು ಯೇಸು ತಮ್ಮ ಪ್ರಬೋಧನೆಯಲ್ಲಿ ತೋರಿಸಿದ ಹೊಲದ ಹೂ ಇದೇ ಇರಬಹುದೇ ಎಂಬ ಪ್ರಶ್ನೆ ಆಗ ಸಹಜವಾಗಿಯೇ ಏಳುತ್ತದೆ.

ಸಂತ ಮತ್ತಾಯನ ಶುಭಸಂದೇಶದಲ್ಲಿ (6:28) ಬರುವ ಆ ಹೂ ಯಾವುದೆಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕೆಂಪು ಅನೆಮೊನಿ ಎನ್ನುವವರುಂಟು; ಬಯಲಿನ ಕಾಡುಹೂಗಳೆಲ್ಲವೂ ಎನ್ನುವವರೂ ಉಂಟು. ಆದರೆ ಚಿತ್ರದಲ್ಲಿರುವ ಹೂವಿನ ಹೆಸರನ್ನು ನಾವು ತಿಳಿಯಬಹುದು. ಬಣ್ಣವೊಂದನ್ನೇ ನಂಬಿದರೆ ಮೋಸಹೋಗುತ್ತೇವೆ. ಅದೇ ಬಣ್ಣದ ಏಕವಾರ್ಷಿಕ ಗಿಡಗಳು ಅಲ್ಲಿ ಹಲವಿವೆ. ಆದ್ದರಿಂದ ಎಣಿಸಿ ನೋಡಬೇಕು.

ಎಸಳುಗಳು ನಾಲ್ಕಿದ್ದು ಶಿಲುಬೆಯಂತೆ ಹರಡಿದ್ದರೆ ಅದು ಸಾಸಿವೆಯ ಕುಟುಂಬಕ್ಕೆ ಸೇರಿದ ರಿಕೋಟಿಯ ಇರಬಹುದು. ಎಸಳು ಐದಿದ್ದು, ಅವುಗಳ ತುದಿ ಸೀಳಿರದೆ, ಕೇಸರಗಳೂ ಐದೇ ಇದ್ದರೆ ಅದು ಗುಲಾಬಿ ಅಗಸೆ. ನಮ್ಮ ಹೊಲಗಳ ಅಗಸೆಗೆ ಬಂಧು. ಐದೆಸಳುಗಳ ತುದಿ ಎರಡೆರಡಾಗಿ ಸೀಳಿ, ಹೂವಿನ ಬುಡ ನೀಳವಾದ ಕೊಳವೆಯಾಗಿ, ಎಲೆಗಳು ಎದುರುಬದುರಾಗಿ ಜೋಡಿಗೂಡಿ, ಕೇಸರಗಳು ಹತ್ತಿದ್ದರೆ ಅದೇ ಸೈಲೀನ್ ಈಜಿಪ್ಟಿಯಾಕ. ಓಲಿವ್ ತೋಪುಗಳಲ್ಲಿ ಕಂಬಳಿ ಹಾಸುವುದು ಸಾಮಾನ್ಯವಾಗಿ ಇದೇ. ನಮ್ಮ ಬಲಿಪೀಠಗಳನ್ನು ಅಲಂಕರಿಸುವ ಕಾರ್ನೇಷನ್ ಹೂವಿನ ಕುಟುಂಬಕ್ಕೆ ಇದು ಸೇರಿದೆ.

ಈ ಗಿಡದ ಆಯುಷ್ಯ ಕೆಲವೇ ತಿಂಗಳು. ಚಳಿಗಾಲದ ಮಳೆಗೆ ಮೊಳೆತು, ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಅರಳಿ, ಬೇಸಗೆಗೆ ಮುನ್ನ ಬೀಜ ಉದುರಿಸಿ ಒಣಗಿಹೋಗುತ್ತದೆ. ನೆಲದಡಿಯಲ್ಲಿ ಉಳಿದು ಮತ್ತೆ ಚಿಗುರುವ ಗೆಡ್ಡೆ ಇದಕ್ಕಿಲ್ಲ. ಬೀಜವೊಂದೇ ಇದರ ನಾಳೆ. ಪುಣ್ಯಕ್ಷೇತ್ರದ ನೆನಪಿಗೆಂದು ಹೂ ಕಿತ್ತು ಬೈಬಲಿನ ಹಾಳೆಗಳ ನಡುವೆ ಒತ್ತಿಡುವ ಆಸೆ ಭಕ್ತಿಯಿಂದಲೇ ಹುಟ್ಟಿದ್ದಾದರೂ, ನಾವು ಕಿತ್ತದ್ದು ಮುಂದಿನ ವರ್ಷದ ಗಿಡವನ್ನು. ಇಸ್ರೇಲ್ ದೇಶದಲ್ಲಿ ಎಷ್ಟೋ ಕಾಡುಹೂಗಳಿಗೆ ಕಾನೂನಿನ ರಕ್ಷಣೆಯೂ ಇದೆ.

ಹೊಲದ ಹೂಗಳನ್ನು ನೋಡಿರೆಂದ ಪ್ರಭುವಿನ ಮಾತಿಗೆ ಶುಭಸಂದೇಶದ ಗ್ರೀಕ್ ಮೂಲದಲ್ಲಿ ಬಳಸಿರುವ ಕ್ರಿಯಾಪದಕ್ಕೆ ಚೆನ್ನಾಗಿ ಗಮನಿಸಿ ಕಲಿಯುವುದು ಎಂಬ ಅರ್ಥವಿದೆ. ಕೀಳುವುದು ಎಂಬ ಅರ್ಥವಿಲ್ಲ. ಯಾತ್ರೆಗೆ ಹೊರಡುವ ನಮ್ಮ ಕುಟುಂಬಗಳು ಮಕ್ಕಳೊಡನೆ ಆ ಹೂವಿನ ಮುಂದೆ ಒಂದು ಗಳಿಗೆ ಕುಳಿತು, ಎಸಳು, ಕೇಸರಗಳನ್ನು ಎಣಿಸಿ, ಹೂವನ್ನು ಅಲ್ಲಿಯೇ ಬಿಟ್ಟುಬರಲಿ.