ನೆನೆದ ಚಲನೆಯೂ ಯಂತ್ರದ ಅರಿವೂ

ಲಕ್ವ ಹೊಡೆದು ಕೈ ಸೋತವನು ಕೈಯಾಡಿಸುವುದನ್ನು ಮನಸ್ಸಿನಲ್ಲಿ ನೆನೆದರೆ ಸಾಕು, ತಲೆಗೆ ತೊಡಿಸಿದ ಟೋಪಿಯೂ ಕಂಪ್ಯೂಟರೂ ಕೂಡಿ ಅವನ ಇಚ್ಛೆಯನ್ನು ನಡೆಸಿಕೊಡುತ್ತವೆಂಬ ವಾರ್ತೆ ಶ್ರೀರಂಗಪಟ್ಟಣ, ಪಾಂಡವಪುರಗಳ ಜಗಲಿಗಳಲ್ಲಿಯೂ ಇಂದು ಕೇಳಿಬರಬಹುದಾದುದು. ಅದರ ಬೆನ್ನಿಗೇ, ಯಂತ್ರವು ಮನಸ್ಸನ್ನು ಓದುತ್ತದೆಂಬ ನಂಬಿಕೆಯೂ, ಯಾರಿಂದ ಅದು ನಡೆಯದೋ ಅವರಿಗೆ ಮನೋಬಲವೇ ಸಾಲದೆಂಬ ತೀರ್ಪೂ ಬರುತ್ತವೆ. ಮೊದಲನೆಯದು ಅಜ್ಞಾನಮಾತ್ರ, ಎರಡನೆಯದು, ಆಗಲೇ ನೊಂದಿರುವ ರೋಗಿಗೆ ಎಸಗುವ ಅನ್ಯಾಯ.

ಯಂತ್ರವು ಆಲೋಚನೆಯನ್ನು ಓದುವುದಿಲ್ಲ. ಮೂರ್ಛೆರೋಗದ ಪರೀಕ್ಷೆಗೆಂದು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿಬಂದವರು ಕಂಡಿರುವ ಈಈಜಿಯೇ ಇಲ್ಲಿಯೂ ಸಾಧನ. 1924ರಲ್ಲಿ ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ ಮನುಷ್ಯನಲ್ಲಿ ಮೊತ್ತಮೊದಲು ದಾಖಲಿಸಿದ, ಮೈಕ್ರೋವೋಲ್ಟುಗಳಲ್ಲಿ ಅಳೆಯಬೇಕಾದಷ್ಟು ಕ್ಷೀಣವಾದ ವಿದ್ಯುತ್‌ಸ್ಪಂದನವನ್ನು ಅದು ಗ್ರಹಿಸುತ್ತದೆ. ಕೈ ವಿಶ್ರಾಂತವಾಗಿರುವಾಗ ಮಿದುಳಿನ ಚಲನಾಕ್ಷೇತ್ರದ ಮೇಲೆ ಸೆಕೆಂಡಿಗೆ 8ರಿಂದ 13 ಆವರ್ತಗಳ ಒಂದು ಲಯವು ತೋರುತ್ತದೆ. ಬಲಗೈಯನ್ನು ಆಡಿಸಿದಾಗಲೂ, ಆಡಿಸಿದಂತೆ ಭಾವಿಸಿದಾಗಲೂ, ಅದು ಮುಖ್ಯವಾಗಿ ಎಡಭಾಗದಲ್ಲಿ ತಗ್ಗುತ್ತದೆ. ಈ ಏರಿಳಿತವನ್ನಲ್ಲದೆ ನಮ್ಮ ಅಂತರಂಗದ ಮತ್ತಾವುದನ್ನೂ ಯಂತ್ರವು ಅರಿಯದು.

ಇನ್ನು ಮನೋಬಲದ ಮಾತು. ಆಸ್ಟ್ರಿಯದ ಗ್ರಾಜ್ ನಗರದ ವಸ್ತುಪ್ರದರ್ಶನವೊಂದರಲ್ಲಿ 99 ಮಂದಿ ಆರೋಗ್ಯವಂತರನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಅಲ್ಪಕಾಲದ ಅಭ್ಯಾಸದಲ್ಲಿಯೇ ಶೇಕಡಾ 93ರಷ್ಟು ಜನ ಶೇಕಡಾ 60ಕ್ಕೆ ಕಡಿಮೆಯಿಲ್ಲದ ನಿಖರತೆಯನ್ನು ಮುಟ್ಟಿದರಾದರೂ, 80ನ್ನು ಮುಟ್ಟಿದವರು ಐದರಲ್ಲೊಂದು ಪಾಲು ಮಾತ್ರ. ಕೆಲವರದು ಬರಿಯ ಊಹೆಗಿಂತ ಹೆಚ್ಚೇನೂ ಮೇಲಾಗಿರಲಿಲ್ಲ. ಇಂಥವರನ್ನು ಈ ಯಂತ್ರದ ಮಟ್ಟಿಗೆ ಅನಕ್ಷರಸ್ಥರೆಂದು ಕರೆದ ವಿದ್ವಾಂಸರೂ ಉಂಟು. ದೋಷವನ್ನೆಲ್ಲ ವ್ಯಕ್ತಿಯ ತಲೆಗೆ ಕಟ್ಟುವ ಆ ಹೆಸರು ನನಗೆ ಸಮ್ಮತವಲ್ಲ. ಏಕೆಂದರೆ, ಬ್ಲಾಂಕರ್ಟ್ಸ್ ಮತ್ತು ಸಂಗಡಿಗರು 80 ಜನರನ್ನು ಪರೀಕ್ಷಿಸಿ 2010ರಲ್ಲಿ ತೋರಿಸಿದಂತೆ, ಏನನ್ನೂ ಮಾಡದೆ ಕುಳಿತಿರುವಾಗ ಆ ಲಯವು ಎಷ್ಟು ಪ್ರಬಲವಾಗಿದೆಯೆಂಬುದಕ್ಕೂ ಮುಂದಿನ ಯಶಸ್ಸಿಗೂ ಗಣನೀಯವಾದ ಸಂಬಂಧವಿದೆ: ಮೊದಲೇ ಮಂದವಾಗಿ ಕಾಣುವ ಲಯವು ಇನ್ನೆಷ್ಟು ತಗ್ಗೀತು? ಮಿದುಳಿನ ಮಡಿಕೆಗಳು ಯಾವ ದಿಕ್ಕಿಗೆ ತಿರುಗಿವೆಯೆಂಬುದರ ಮೇಲೆಯೂ ನೆತ್ತಿಯವರೆಗೆ ಬರುವ ಸಂಕೇತದ ಬಲವು ನಿಂತಿದೆ. ಇದರಲ್ಲಿ ಸಂಕಲ್ಪದ ಪಾತ್ರವೇನೂ ಇಲ್ಲ.

ತೋಳಿನ ಕಸುವಿದ್ದವರಿಗೆ ಇದು ಸುಲಭವೆಂಬುದೂ ಸಲ್ಲದು. ಹೇಗೆ ಕಲ್ಪಿಸುತ್ತಾರೆಂಬುದೇ ಮುಖ್ಯ. ಕೃಷ್ಣರಾಜಪೇಟೆಯ ಕಬ್ಬು ಕಡಿಯುವವನೊಬ್ಬನು ತನ್ನ ಕೈಯನ್ನು ದೂರದಿಂದ ಚಲಚ್ಚಿತ್ರದಂತೆ ಕಾಣುವುದಕ್ಕಿಂತ, ಮಚ್ಚಿನ ಹಿಡಿಯ ಒತ್ತನ್ನೂ ಮಣಿಕಟ್ಟಿನ ಸೆಳೆತವನ್ನೂ ಒಳಗಿನಿಂದಲೇ ಅನುಭವಿಸಿದರೆ ಸಂಕೇತವು ಸ್ಪಷ್ಟವಾಗುವ ಸಂಭವ ಹೆಚ್ಚೆಂದು ಗ್ರಾಜ್‌ನ ಸಂಶೋಧಕರೇ 2005ರಲ್ಲಿ ತೋರಿಸಿದ್ದಾರೆ.

ಮೊದಲ ದಿನ ಸೋತವರು ಎಂದೆಂದಿಗೂ ಸೋತರೆಂಬುದಂತೂ ಶುದ್ಧ ಸುಳ್ಳು. ಕಲಿಯುವವನ ಜೊತೆಯಲ್ಲಿಯೇ ಯಂತ್ರವೂ ತನ್ನ ಗಣಿತವನ್ನು ತಿದ್ದಿಕೊಳ್ಳುತ್ತ ಹೋಗುವ ಕ್ರಮದಿಂದ, ಹಿಂದೆ ವಿಫಲರಾದ ಹಲವರು ಹಿಡಿತ ಸಾಧಿಸಿದ್ದಾರೆ. ಅದೂ ಫಲಿಸದಿದ್ದರೆ, ನಾಗಮಂಗಲದ ರೋಗಿಯ ಮನೆಯವರು ಅವನನ್ನು ಇನ್ನಷ್ಟು ಮನಸ್ಸಿಟ್ಟು ಯತ್ನಿಸೆಂದು ಪೀಡಿಸದೆ, ಪರದೆಯಲ್ಲಿ ಮಿನುಗುವ ಅಕ್ಷರಗಳನ್ನು ಗಮನಿಸುವುದರಿಂದಲೇ ನಡೆಯುವ, ಚಲನೆಯ ಕಲ್ಪನೆಯನ್ನೇ ಬೇಡದ ಬೇರೆ ವಿಧಾನವನ್ನು ವೈದ್ಯರಲ್ಲಿ ವಿಚಾರಿಸುವುದು ಯುಕ್ತ.